ಯಾರೂ ಬರಬಾರದೆಂದು ಬೇಡಿಕೊಂಡ ಮಧ್ಯಾಹ್ನ

ಆ ಸಲದ ಚುನಾವಣೆ ನಡುಬೇಸಿಗೆಯಲ್ಲಿ ಬಂತು. ನಮ್ಮ ಶಾಲೆಯ ಬಹಳಷ್ಟು ಶಿಕ್ಷಕರಿಗೆ ಡ್ಯೂಟಿ ಬಿದ್ದಿತ್ತು. ನನಗೆ ಸಿಕ್ಕಿದ್ದು ನಾರಾಯಣಗೂಡದ ಹಳೆಯ ಶಾಲೆಯೊಂದರ ಮತಗಟ್ಟೆ. ಹಿಂದಿನ ದಿನ ಬೆಳಿಗ್ಗೆ ಮೆಹದಿಪಟ್ಟಣಂನ ಮನೆಯಿಂದ ಹೊರಡುವಾಗ ಚೀಲಕ್ಕೆ ಎಂಟು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು, ಟವೆಲ್ಲು, ತಲೆನೋವಿನ ಮುಲಾಮು, ಸೊಳ್ಳೆಬತ್ತಿ ತುಂಬಿಕೊಂಡೆ. ನಮ್ಮ ಮನೆಯವರು ಬಾಗಿಲಿಗೆ ಒರಗಿ ನೋಡುತ್ತಿದ್ದರು.

“ಅಷ್ಟ್ಯಾಕ ಗಾಬರಿ ಆಗಾಕತ್ತಿ? ಅಲ್ಲಿ ಯಾರ್ ಬರ್ತಾರ? ರಜಾ ಕೊಟ್ರ ಮಲಗೋ ಮಂದಿ ಅದು. ಉಲ್ಲನ್ ಉಂಡಿ ಒಯ್ಯಿ, ಒಂದು ಸ್ವೆಟರ್ ಮುಗಿಸಿಕೊಂಡ್ ಬಾ.”

“ಈ ಬಿಸಲಾಗ ಸ್ವೆಟರ್ ಯಾರಿಗ್ರೀ?”

“ನಿಮ್ಮ ದೊಡ್ಡ ಸಾಹೇಬ್ರಿಗಿ. ಏಸಿ ಕೋಣ್ಯಾಗ ಕುಂತಿರ್ತಾರಲ್ಲ, ಪಾಪ.”

ನನಗೆ ನಗು ಬರಲಿಲ್ಲ. ಹಿಂದಿನ ಒಂದು ಚುನಾವಣೆಯಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಬೆಳಿಗ್ಗೆ ಯಂತ್ರ ಪರೀಕ್ಷೆಗೆಂದು ಹಾಕಿದ ಸುಳ್ಳು ಓಟುಗಳನ್ನು ಅಳಿಸುವುದು ಮರೆತು ನಿಜವಾದ ಮತದಾನ ಶುರು ಮಾಡಿಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಲೆಕ್ಕ ತಾಳೆಯಾಗಲಿಲ್ಲ. ಅಮಾನತಾಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತರು. ಆ ನಾಲ್ಕು ತಿಂಗಳೂ ಅವರು ದಿನಾ ಹತ್ತೂವರೆಗೆ ಶಾಲೆಯ ಗೇಟಿನ ತನಕ ಬಂದು, ಟಪಾಲು ಏನಾದರೂ ಬಂತೇ ಎಂದು ಜವಾನನನ್ನು ಕೇಳಿ ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಅದನ್ನು ನೋಡಿದವಳು.

ನನ್ನ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನೂ ಅಲ್ಲ. ಕೋಣೆಯಲ್ಲಿ ನಾವು ನಾಲ್ವರು. ನಮಗೆಲ್ಲ ಮೇಲಿನವರು ಮತಗಟ್ಟೆಯ ಅಧ್ಯಕ್ಷಾಧಿಕಾರಿ; ಯಾವುದೋ ಕಾಲೇಜಿನಲ್ಲಿ ತೆಲುಗು ಲೆಕ್ಚರರ್, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವರನ್ನು ಸರ್ ಎಂದೇ ಕರೆಯುತ್ತೇನೆ. ಬಾಗಿಲ ಹತ್ತಿರದವರು ಪಟ್ಟಿಯಲ್ಲಿ ಹೆಸರು ಹುಡುಕಿ ಗೆರೆ ಹಾಕುವವರು. ಅವರ ಪಕ್ಕದ ಮೇಡಂ ಬೆರಳಿಗೆ ಮಸಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಚೀಟಿ ಕೊಡುವವರು. ಮೂರನೆಯವಳು ನಾನು. ಆ ಚೀಟಿ ಇಸಿದುಕೊಂಡು ನನ್ನ ಮುಂದಿನ ಪೆಟ್ಟಿಗೆಯ ಒಂದು ಗುಂಡಿ ಒತ್ತಬೇಕು. ಒತ್ತಿದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಅಂದರೆ ಮೂಲೆಯ ರಟ್ಟಿನ ಮರೆಯಲ್ಲಿರುವ ಯಂತ್ರ ಒಂದು ಓಟಿಗೆ ತೆರೆಯಿತು ಎಂದರ್ಥ. ಬಂದವರು ಮರೆಯ ಹಿಂದೆ ಹೋಗಿ ನೀಲಿ ಗುಂಡಿ ಒತ್ತಿದರೆ ಉದ್ದನೆಯ ಸದ್ದು ಬರುತ್ತದೆ, ನನ್ನ ಕೆಂಪು ದೀಪ ಆರುತ್ತದೆ. ಸದ್ದು ಕೇಳಿಸಿಕೊಳ್ಳಬೇಕು, ದೀಪ ನೋಡಬೇಕು, ಮುಂದಿನವರ ಚೀಟಿ ಇಸಿದುಕೊಳ್ಳಬೇಕು. ಇಷ್ಟೇ.

ಬೆಳಿಗ್ಗೆ ಏಳಕ್ಕೆ ವಾಕಿಂಗ್ ಮುಗಿಸಿ ಬಂದ ಪೆನ್ಶನ್‌ದಾರರು ಸಾಲಾಗಿ ನಿಂತು ಹಾಕಿ ಹೋದರು. ಒಂಬತ್ತರ ನಂತರ ಬಾಗಿಲಿಗೆ ನೆರಳು ಬೀಳುವುದೇ ನಿಂತಿತು. ಶನಿವಾರ ಭಾನುವಾರದ ಬೆನ್ನಿಗೆ ಸೋಮವಾರದ ರಜೆ. ಶುಕ್ರವಾರ ಸಂಜೆಯೇ ನಮ್ಮ ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರ ಕೈಯಲ್ಲೂ ಬ್ಯಾಗು. ಕೋಚಿಂಗ್ ಸೆಂಟರ್‌ಗಳ ಹಾಸ್ಟೆಲ್ಲುಗಳಿಗೆ ಬೀಗ ಬಿದ್ದಿತ್ತು. ಉಳಿದವರು ಪರದೆ ಎಳೆದು ಮಲಗಿದ್ದರು. ಶಾಲೆಯ ಎದುರಿನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಗಂಡಸು ಬನಿಯನ್ನಿನಲ್ಲಿ ಚಹಾ ಕುಡಿಯುತ್ತ ನಮ್ಮ ಖಾಲಿ ಗೇಟನ್ನೇ ನೋಡುತ್ತಿದ್ದ. ಚಹಾ ಮುಗಿಸಿದ, ಪೇಪರ್ ಓದಿದ, ಒಳಗೆ ಹೋದ.

ಪಕ್ಷಗಳ ಏಜೆಂಟರು ಇಬ್ಬರು ಗೋಡೆಯ ಪಕ್ಕದ ಬೆಂಚಿನ ಮೇಲಿದ್ದರು. ಒಬ್ಬರ ಬಾಯಲ್ಲಿ ಸದಾ ಪಾನ್. ಇನ್ನೊಬ್ಬರ ಕೈಯಲ್ಲಿ ಮಕ್ಕಳ ಸ್ಕೇಲು; ಬಂದವರ ಹೆಸರಿನ ಮೇಲೆ ಅದನ್ನಿಟ್ಟು ನೀಟಾಗಿ ಗೆರೆ ಎಳೆಯುತ್ತಿದ್ದರು. ಒಬ್ಬರಿಗೊಬ್ಬರು ಎದುರು ಪಕ್ಷದವರಾದರೂ ಒಂದೇ ಡಬ್ಬಿಯಿಂದ ಉಪ್ಪಿಟ್ಟು ತಿಂದರು.

“ಕೌನ್ ಆತಾ ಮೇಡಂ ಇತ್ತೀ ಧೂಪ್ ಮೇ,” ಈ ಬಿಸಿಲಲ್ಲಿ ಯಾರು ಬರುತ್ತಾರೆ ಎಂದು ಹಿಂದಿಯಲ್ಲಿ ಅಂದರು ಪಾನಿನವರು. “ಇವರ ಮನೆಗೆ ಮಿಷನ್ ಒಯ್ದು ಕೊಟ್ಟರೂ, ಲಿಫ್ಟ್‌ನಲ್ಲಿಟ್ಟು ಕಳಿಸಿ ಅಂತಾರೆ.”

ಸರ್ ಎರಡು ತಾಸಿಗೊಮ್ಮೆ ಎಷ್ಟು ಜನ ಬಂದರೆಂದು ಮೇಲಕ್ಕೆ ತಿಳಿಸಬೇಕಿತ್ತು. ಪ್ರತಿಸಲವೂ ತಾವೇ ತಪ್ಪು ಮಾಡಿದವರಂತೆ ಮೆಲ್ಲಗೆ ಹೇಳುತ್ತಿದ್ದರು. ಇನ್ನೊಬ್ಬರಾದರೂ ಬರಲಿ, ಇನ್ನೊಬ್ಬರಾದರೂ ಬರಲಿ ಎಂದು ನಾವೆಲ್ಲ ಬಾಗಿಲು ನೋಡುತ್ತಿದ್ದೆವು.

ಹನ್ನೆರಡೂವರೆಗೆ ಆಕೆ ಬಂದಳು. ನಲವತ್ತರ ಆಸುಪಾಸು. ಮಡಿಕೆಯ ಗೆರೆ ಹೋಗದ ನೈಲಾನ್ ಸೀರೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ. ಗುರುತಿನ ಕಾರ್ಡು ಕರ್ಚೀಫಿನ ಗಂಟಿನಲ್ಲಿತ್ತು. ಬಾಗಿಲಲ್ಲೇ ನಿಂತು ತನ್ನಷ್ಟಕ್ಕೆ, “ಯವ್ವಾ, ಇಷ್ಟ್ ಖಾಲಿ ಐತಲ್ಲ, ಮುಗದ ಹೋತೇನು!” ಎಂದಳು.

ಈ ಊರಿನಲ್ಲಿ ಮನೆ ಹೊಸ್ತಿಲು ದಾಟಿದರೆ ನಾನು ಇಡೀ ದಿನ ತೆಲುಗು, ಇಲ್ಲದಿದ್ದರೆ ಹಿಂದಿ. ಹಿಂದಿನ ಬೆಳಗಿನಿಂದ ನಮ್ಮ ಮಾತು ಕಿವಿಗೆ ಬಿದ್ದಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ಮುಗದಿಲ್ಲವ್ವ, ಬಾ. ಯಾವೂರಾಕಿ ನೀ?”

ಆಕೆಯ ಮುಖ ಅರಳಿತು. “ಯಾದಗಿರಿ ಕಡಿಯಾಕಿ ರೀ ಅಕ್ಕಾ! ಇಲ್ಲೇ ಹಿಂದಿನ ಗಲ್ಲಿ, ನಾಕ್ ಅಂತಸ್ತಿನ ಬಿಲ್ಡಿಂಗ್ ಐತಲ್ರಿ, ಅಲ್ಲಿ ವಾಚ್‌ಮನ್ ಕೆಲಸ. ಗಂಡ ಗೌಂಡಿ ಕೆಲಸಕ್ಕ, ಮನಿ ಕಟ್ಟಾಕ ಹೋಗ್ತಾನ್ರಿ, ಗೇಟ್ ನಾ ನೋಡ್ಕೋತೀನಿ. ಮುಂಜಾನಿ ಬಂದಿದ್ದೆ, ಕಾರ್ಡ್ ತಾ ಅಂದು ಕಳಸಿದ್ರು. ಹೋಗಿ ಎಲ್ಲಾರ ಮನಿ ಕಸ ಇಳಿಸಿ, ನೀರ್ ಬಿಟ್ಟು, ಈಗ ಬಂದೆ.”

“ನಿಮ್ಮ ಬಿಲ್ಡಿಂಗ್‌ನವರು ಯಾರೂ ಬಂದಂಗಿಲ್ಲ?”

“ಮಲಗ್ಯಾರ್ರಿ. ಆರ್ ಮನಿಯವ್ರು ಊರಿಗಿ ಹೋಗ್ಯಾರ, ಉಳದವ್ರು ಮಲಗ್ಯಾರ.”

“ಮತ್ತ ನೀ ಯಾಕ ಈ ಬಿಸಲಾಗ?”

ಆಕೆ ಏನು ಕೇಳಿದರಪ್ಪ ಎನ್ನುವಂತೆ ನೋಡಿದಳು. “ಹೆಸರು ಛಾಪ್ ಆಗೇತಲ್ರಿ ಪಟ್ಟಿಯಾಗ. ಹನ್ನೊಂದ್ ವರ್ಷ ಆತು ಬಂದು, ಇದ ಮೊದಲ ರೀ.”

ಮಸಿ ಹಚ್ಚಿಸಿಕೊಂಡು, ರಿಜಿಸ್ಟರಿನ ಚೌಕದಿಂದ ಹೊರಗೆ ಹೋಗುವಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿ, ಚೀಟಿಯನ್ನು ಎರಡೂ ಕೈಯಲ್ಲಿ ತಂದುಕೊಟ್ಟಳು. ನಾನು ಗುಂಡಿ ಒತ್ತಿದೆ. ಆಕೆ ರಟ್ಟಿನ ಹಿಂದೆ ಹೋದಳು. ನಾನು ಮಸಿಯ ಮೇಡಂ ಕಡೆ ತಿರುಗಿ ತೆಲುಗಿನಲ್ಲಿ, ಈಕೆ ನಮ್ಮ ಕಡೆಯವಳು, ನಮ್ಮ ತವರಿಗೂ ಇವಳ ಊರಿಗೂ ಒಂದು ತಾಸಿನ ದಾರಿ, ಅಲ್ಲಿ ಹೀಗೆಯೇ ಮಾತಾಡುವುದು ಎಂದು ಹೇಳುತ್ತಿದ್ದೆ. ಮೇಡಂ ಏನೋ ಕೇಳಿದರು. ಅದಕ್ಕೂ ಉತ್ತರ ಹೇಳಿದೆ. ಅಷ್ಟರಲ್ಲಿ ಆಕೆ ಹೊರಗೆ ಬಂದು ನನ್ನ ಮುಂದೆ ನಿಂತಿದ್ದಳು.

“ಆತೇನ್ರಿ ಅಕ್ಕಾ?”

“ಆತವ್ವ. ಹೋಗಿ ಬಾ, ನೀರ್ ಕುಡದು ಹೋಗು.”

ಸದ್ದು ಬಂದಿರಲಿಲ್ಲ. ನಾನು ಪೆಟ್ಟಿಗೆಯನ್ನು ನೋಡಿರಲಿಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ಗಂಟೆಗೆ. ನಡುವೆ ಒಬ್ಬರೂ ಬಂದಿರಲಿಲ್ಲ. ಬಂದಿದ್ದರೆ ಮುಂದಿನ ಚೀಟಿಗೇ ತಿಳಿಯುತ್ತಿತ್ತು. ಸರ್ ಲೆಕ್ಕ ನೋಡಲೆಂದು ನನ್ನ ಬೆನ್ನ ಹಿಂದೆ ಬಂದು ನಿಂತರು.

“ಅಮ್ಮಾ,” ಎಂದರು ತೆಲುಗಿನಲ್ಲಿ, ಬಹಳ ಮೆಲ್ಲಗೆ, “ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ ಸರ್.”

“ಮತ್ತೆ ಕೆಂಪು ದೀಪ ಯಾಕೆ ಉರಿಯುತ್ತಿದೆ?”

ಪೆಟ್ಟಿಗೆಯ ಕಡೆ ತಿರುಗಿ ನೋಡಿದೆ. ಮಧ್ಯಾಹ್ನದ ಬೆಳಕಿನಲ್ಲಿ ಅದು ಅಷ್ಟು ಸಣ್ಣಗೆ, ಅಷ್ಟು ಸುಮ್ಮನೆ ಉರಿಯುತ್ತಿತ್ತು. ರಿಜಿಸ್ಟರಿನಲ್ಲಿ ಒಂದು ಸಹಿ ಹೆಚ್ಚು, ಯಂತ್ರದಲ್ಲಿ ಒಂದು ಓಟು ಕಡಿಮೆ. ಗಣಿತದ ಮೇಷ್ಟ್ರು ಗೇಟಿನಲ್ಲಿ ನಿಂತು ಟಪಾಲು ಕೇಳುವ ಚಿತ್ರವೇ ಕಣ್ಣೆದುರು ಬಂತು.

ನಾನು ಇದ್ದದ್ದನ್ನು ಹೇಳಿದೆ. ಆಕೆ ಆಯಿತೇ ಎಂದು ಕೇಳಿದ್ದು, ನಾನು ಆಯಿತು ಎಂದದ್ದು.

ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಅವಳು ನಾಳೆ ಯಾರ ಮಾತು ಕೇಳಿಯಾದರೂ ಒಂದು ಕಾಗದ ಕೊಟ್ಟರೆ, ಮೇಡಂ ಆಯಿತು ಎಂದರು, ನನ್ನ ಓಟು ಬೀಳಲಿಲ್ಲ ಎಂದರೆ, ನಿಮಗೂ ಮೆಮೊ, ನನಗೂ ಮೆಮೊ. ಎರಡು ವರ್ಷವಿದೆ ನನಗೆ.”

ಏಜೆಂಟರು ಎದ್ದು ಬಂದಿದ್ದರು. ಅವರಿಂದ ಮುಚ್ಚಿಡುವ ಹಾಗಿರಲಿಲ್ಲ. ಸ್ಕೇಲಿನವರು ಪಟ್ಟಿಯ ಮೇಲೆ ಸ್ಕೇಲಿಟ್ಟು, “ಇವಳೇ ಅಲ್ಲವೇ?” ಎಂದು ಹೆಸರು ತೋರಿಸಿದರು. ಪಾನಿನವರು ರಟ್ಟಿನ ಕಡೆ ನೋಡಿ ನಕ್ಕರು. “ಇಷ್ಟೇ ತಾನೆ ಸಾರ್? ಯಾರಾದರೂ ಹೋಗಿ ಒತ್ತಿಬಿಟ್ಟರೆ ದೀಪ ಆರುತ್ತದೆ. ಬರದವರ ಓಟು ನೂರಾರು ಹಾಗೇ ಉಳಿದಿವೆ, ಒಂದು ಯಾವ ಲೆಕ್ಕ?”

“ಯಾರು ಒತ್ತುವುದು, ನೀವಾ?” ಎಂದರು ಸ್ಕೇಲಿನವರು.

“ನೀವೇ ಒತ್ತಿ, ನಾನು ನೋಡಿಕೊಂಡಿರುತ್ತೇನೆ.”

ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಕೋಣೆಯ ಮೂಲೆಯಲ್ಲಿ ಒಂದು ಓಟು ಬಾಗಿಲು ತೆರೆದುಕೊಂಡು ಕೂತಿತ್ತು, ಯಾರು ಬೇಕಾದರೂ ಒಳಗೆ ಕೈ ಹಾಕಬಹುದಿತ್ತು. ನಾನು ಎದ್ದು ಆ ರಟ್ಟಿಗೂ ಅವರಿಬ್ಬರಿಗೂ ನಡುವೆ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

ಸರ್ ಕೈಪಿಡಿ ತೆಗೆದು ಓದಿದರು. ಮುಚ್ಚಿದರು. ಆಮೇಲೆ ಏಜೆಂಟರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದು ತೀರ್ಮಾನ ಹೇಳಿದರು. “ದೀಪ ಉರಿಯುವ ತನಕ ಅವಳ ಸರದಿ ಮುಗಿದಿಲ್ಲ ಎಂದು ನಾನು ತಿಳಿಯುತ್ತೇನೆ. ಈಗ ಬಂದರೆ ಅವಳೇ ಹೋಗಿ ಒತ್ತಲಿ. ಆದರೆ ಅದಕ್ಕೆ ಮೊದಲು ಬೇರೆ ಯಾರಾದರೂ ಓಟಿಗೆ ಬಂದರೆ ನಾನು ತಡೆಯುವ ಹಾಗಿಲ್ಲ. ಈಗ ತೆರೆದಿರುವ ಓಟು ಅವರದಾಗುತ್ತದೆ, ಅವರು ಒತ್ತಿದರೆಂದರೆ ಅವಳದು ಮುಗಿಯಿತು. ಆಮೇಲೆ ಅವಳು ಬಂದರೂ ಬಿಡುವುದಿಲ್ಲ. ಅವಳ ಸಾಲಿನ ಮುಂದೆ ‘ಓಟು ಹಾಕದೆ ಹೋದರು’ ಎಂದು ಬರೆಯುತ್ತೇನೆ. ಒಪ್ಪಿಗೆಯಾ?”

ಇಬ್ಬರೂ ಒಪ್ಪಿದರು. ಹೊರಗೆ ಕೂರುತ್ತಿದ್ದ ಸಹಾಯಕಿ ಊಟಕ್ಕೆ ಹೋಗಿದ್ದಳು. ಯಾದಗಿರಿಯವಳ ಮುಖ ಗೊತ್ತಿದ್ದವಳು, ಭಾಷೆ ಗೊತ್ತಿದ್ದವಳು ನಾನೇ. “ಹೋಗಿ ಬನ್ನಿ, ಪೆಟ್ಟಿಗೆ ನಾನು ನೋಡಿಕೊಳ್ಳುತ್ತೇನೆ,” ಎಂದರು ಸರ್. ಪಾನಿನವರು ನನ್ನ ಜೊತೆ ಹೊರಟರು, ಮನೆ ತೋರಿಸಲು. ಸ್ಕೇಲಿನವರು ತಟ್ಟನೆ ಚಪ್ಪಲಿ ಮೆಟ್ಟಿದರು. “ನೀನು ದಾರಿಯಲ್ಲಿ ಅವಳಿಗೆ ಎಷ್ಟನೇ ನಂಬರ್ ಎಂದು ಪಾಠ ಹೇಳುವುದಿಲ್ಲ ಅಂತ ಏನು ಗ್ಯಾರಂಟಿ? ನಾನೂ ಬರುತ್ತೇನೆ.”

ಹೀಗೆ ಒಂದೂ ಹತ್ತರ ಬಿಸಿಲಿನಲ್ಲಿ, ನಡುವೆ ನಾನು, ಆಚೆಗೊಬ್ಬರು ಈಚೆಗೊಬ್ಬರು. ಬೆಳಗಿನಿಂದ ಯಾರಾದರೂ ಬರಲಿ ಎಂದು ಬಾಗಿಲು ನೋಡಿದವಳು ಈಗ ಯಾರೂ ಬರದಿರಲಿ ದೇವರೇ, ಎಲ್ಲರೂ ಮಲಗಿರಲಿ, ಇನ್ನೊಂದು ಅರ್ಧ ತಾಸು ಯಾರಿಗೂ ಎಚ್ಚರವಾಗದಿರಲಿ ಎಂದು ಬೇಡಿಕೊಳ್ಳುತ್ತ ನಡೆದೆ. ಎದುರಿಗೆ ಛತ್ರಿ ಹಿಡಿದ ಹೆಂಗಸೊಬ್ಬಳು ಕಂಡಳು. ಅವಳು ಹಾಲಿನ ಅಂಗಡಿಗೆ ತಿರುಗುವ ತನಕ ನೋಡುತ್ತಲೇ ಇದ್ದೆ. ಶಾಲೆಯ ಕಡೆ ಹೋಗುವ ಪ್ರತಿ ಆಟೋವನ್ನೂ ತಿರುಗಿ ನೋಡಿದೆ.

ಹಿಂದಿನ ಗಲ್ಲಿಯ ಬಿಲ್ಡಿಂಗಿನ ಗೇಟು ತೆರೆದಿತ್ತು. ಆಕೆ ನಾಲ್ಕನೆಯ ಮಹಡಿಯ ಮೇಲೆ ಯಾರದೋ ಬಟ್ಟೆ ಹರವುತ್ತಿದ್ದಳು. ಮೇಲಿನಿಂದ ನಮ್ಮನ್ನು ನೋಡಿದಳು. ಓಟಿನ ಕೋಣೆಯ ಮೇಡಂ, ಪಕ್ಷದ ಇಬ್ಬರು ಗಂಡಸರು. ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಕಾಣದಾದಳು. ಮೆಟ್ಟಿಲ ಮೇಲೆ ದಡದಡ ಕಾಲಿನ ಸದ್ದು. ನಾವು ಒಳಗೆ ಹೋಗುವಷ್ಟರಲ್ಲಿ ಮೆಟ್ಟಿಲ ಕೆಳಗಿನ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು.

“ಬಾಗಲ ತಗಿಯವ್ವ. ನಾನು.”

“ನಾ ಏನೂ ಮಾಡಿಲ್ರಿ ಅಕ್ಕಾ! ದೇವರಾಣಿ ಮುಟ್ಟಿಲ್ರಿ ನಾ ಅದನ್ನ, ಬರೇ ಚಿತ್ರದ ಮ್ಯಾಲ ಬೆರಳ ಇಟ್ಟೆ. ಕೆಟ್ಟಿತ್ತಂದ್ರ ನನ್ನಿಂದಲ್ರಿ.”

ಅಲ್ಲಿಗೆ ತಿಳಿಯಿತು. ಪಕ್ಕದ ನೀಲಿ ಗುಂಡಿ ಬಿಟ್ಟು ಚಿತ್ರವನ್ನು ಒತ್ತಿದ್ದಳು.

“ನಿಂದೇನೂ ತಪ್ಪಿಲ್ಲವ್ವ. ತಗಿ, ಲಗೂನ ಒಂದೀಟು ಬರಬೇಕು.”

“ಪೊಲೀಸ್ರ ಕಡೆ ಒಯ್ತೀರೇನ್ರಿ? ನಮ್ಮ ಮನಿಯವ ಹೇಳಿದ್ದ, ಸುಮ್ನ ಕುಂದ್ರು, ದೊಡ್ಡವ್ರ ಹೋಗಲಾರದ ಕಡೆ ನೀ ಯಾಕ ಹೋಗ್ತಿ ಅಂತ. ರೇಶನ್ ಕಾರ್ಡ್ ಕಸ್ಕೋತಾರೇನ್ರಿ?”

ನಾನು ಬಾಗಿಲಿಗೆ ಬಾಯಿ ಹಚ್ಚಿ ಇನ್ನೇನು ಹೇಳಬೇಕು, ತಪ್ಪು ನನ್ನದು, ನಿನ್ನ ಓಟು ಇನ್ನೂ ಬಿದ್ದಿಲ್ಲ ಎಂದು. ಅಷ್ಟರಲ್ಲಿ ಮೊದಲ ಮಹಡಿಯಿಂದ ಒಬ್ಬರು ಇಳಿದು ಬಂದರು. ಲುಂಗಿ, ಬಿಳಿ ಬನಿಯನ್ನು, ಮಲಗೆದ್ದ ಕಣ್ಣು. ಬಿಲ್ಡಿಂಗಿನ ಸೆಕ್ರೆಟರಿಯಂತೆ, ಹಿಮಾಯತ್‌ನಗರದಲ್ಲಿ ಅವರದು ಬಟ್ಟೆಯ ಅಂಗಡಿ. ನನ್ನ ಮಾತು ಕೇಳಿಸಿಕೊಂಡೇ ಬಂದಿದ್ದರು.

“ಏನ್ರಿ ಮೇಡಂ, ನೀವು ನಮ್ಮ ಕಡಿಯವ್ರ! ನಾವು ಬೀದರದವ್ರ. ಏನ್ ಗಲಾಟಿ? ಈಕಿ ಏನರ ಮಾಡ್ಕೊಂಡು ಬಂದಾಳೇನು?”

ನಿಜ ಹೇಳಬಹುದಿತ್ತು. ಒಂದೇ ಮಾತು. ಆದರೆ ಅವರ ಮುಖ, ಅವರ ಬಿಲ್ಡಿಂಗು, ಅವರ ವಾಟ್ಸ್ಯಾಪ್ ಗುಂಪು, ಅಲ್ಲಿಂದ ಯಾರ ಯಾರ ಮೊಬೈಲು. ಬೂತಿನ ಮೇಡಂ ಒಬ್ಬಾಕಿಯ ಓಟು ನುಂಗಿದಳಂತೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ ಎನ್ನಿಸಿತು. ಬಾಯಿ ತಾನಾಗಿ ಬೇರೆ ಮಾತು ಆಡಿತು.

“ಏನಿಲ್ರಿ. ಓಟಿಂಗ್ ಭಾಳ ಕಡಿಮಿ ಆಗೇತಿ. ಅದಕ್ಕ ಮನಿ ಮನಿಗಿ ಬಂದು ಕರ್ಯಾಕತ್ತೀವಿ. ನೀವೂ ಬರ್ರಿ, ಎಲ್ಲಾರೂ ಬರ್ರಿ.”

ಏಜೆಂಟರಿಬ್ಬರೂ ನನ್ನನ್ನು ನೋಡಿದರು. ಪಾನಿನವರಿಗೆ ಕನ್ನಡ ಅರ್ಥವಾಗದಿದ್ದರೂ ಏನೋ ಹೊಳೆದಂತೆ ಕಾಣಿಸಿತು.

ಸೆಕ್ರೆಟರಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯ ಅಯ್ಯ, ಆಫೀಸರ್ರು ನೀವು, ನಮ್ಮ ಕಡಿ ಹೆಣ್ಮಕ್ಕಳು, ಬಿಸಲಾಗ ಮನಿ ಬಾಗಲಿಗಿ ಬಂದು ಕರದ್ರ ಹೆಂಗ್ರಿ ಇಲ್ಲಾ ಅನ್ನೂದು? ಇಪ್ಪತ್ತ್ ವರ್ಷದಾಗ ಯಾರೂ ಹಿಂಗ ಕರದಿಲ್ಲ.” ಮೇಲಕ್ಕೆ ಮುಖ ಮಾಡಿ ಕೂಗಿದರು, “ಏ, ಕೇಳ್ತೇನು? ಸೀರಿ ಉಟ್ಕೋ! ಓಟ್ ಹಾಕಿ ಬರೂಣು!”

“ಸಾವಕಾಶ ಬರ್ರಿ,” ಎಂದೆ. “ಅವಸರ ಇಲ್ಲ. ಆರರ ತನಕ ಇರತೈತಿ.” ಆದರೆ ಅವರು ಆಗಲೇ ಮೆಟ್ಟಿಲು ಹತ್ತಿದ್ದರು.

ಆಕೆಯನ್ನು ಹೊರಗೆ ತರಲು ಇನ್ನೂ ಹತ್ತು ನಿಮಿಷ ಹಿಡಿಯಿತು. ಚಿಲಕ ತೆಗೆದಾಗ ನೋಡಿದರೆ ಬೆರಳಿನ ಮಸಿಯನ್ನು ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿ ತಿಕ್ಕಿ ಚರ್ಮ ಕೆಂಪಾಗಿತ್ತು. ಮಸಿ ಹೋಗಿರಲಿಲ್ಲ. ನಾನು ಪಿಸುಗುಟ್ಟಿ ಎಲ್ಲ ಹೇಳಿದೆ. ಆಕೆ ಪೂರ್ತಿ ನಂಬಲಿಲ್ಲ. ಅರ್ಧ ನಂಬಿಕೆಯಿಂದ, ಅರ್ಧ ಅಂಜಿಕೆಯಿಂದ, ಸೆರಗಿನಲ್ಲಿ ಬೆರಳು ಸುತ್ತಿಕೊಂಡು ನಮ್ಮ ಹಿಂದೆ ಬಂದಳು. “ಈ ಸಲ ನೀಲಿ ಗುಂಡಿ ಒತ್ತು. ಕೂಂ ಅಂತ ಸದ್ದ ಬರೂತನಕ ಬೆರಳ ತಗೀಬ್ಯಾಡ,” ಎಂದು ದಾರಿಯುದ್ದಕ್ಕೂ ಹೇಳಿದೆ. ಸ್ಕೇಲಿನವರು ನಮ್ಮ ಮಾತಿನಲ್ಲಿ ಯಾವ ನಂಬರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಿವಿ ಚಾಚಿಕೊಂಡು ನಡೆಯುತ್ತಿದ್ದರು.

ಗಲ್ಲಿಯ ತಿರುವಿನಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಸ್ಕೂಟರು. ಮುಂದೆ ಇಸ್ತ್ರಿ ಶರ್ಟಿನಲ್ಲಿ ಸೆಕ್ರೆಟರಿಯವರು, ಹಿಂದೆ ರೇಷ್ಮೆ ಸೀರೆಯ ಹೆಂಡತಿ. “ಬಂದ್ವಿ ನೋಡ್ರಿ ಮೇಡಂ!” ಎಂದು ಕೈಯೆತ್ತಿ ನಮ್ಮನ್ನು ದಾಟಿ ಹೋದರು.

ನಾನು ಓಡಿದೆ. ಐವತ್ತೆರಡು ವಯಸ್ಸು, ಮೊಣಕಾಲು ನೋವು, ಕುತ್ತಿಗೆಯಲ್ಲಿ ಗುರುತಿನ ಚೀಟಿ ಜೋಲಾಡುತ್ತಿತ್ತು, ಓಡಿದೆ. “ರೀ, ನಿಂದರ್ರೀ! ಒಂದ್ ನಿಮಿಷ!” ಎಂದು ಕೂಗಿದೆನೆಂದು ಕಾಣುತ್ತದೆ. ಸ್ಕೂಟರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ನನ್ನ ಹಿಂದೆ ಆಕೆಯೂ ಓಡುತ್ತಿದ್ದಳು, ಯಾಕೆಂದು ತಿಳಿಯದೆ, ನಾನು ಓಡಿದೆನೆಂದು.

ಶಾಲೆಯ ಜಗಲಿ ಹತ್ತುತ್ತಿದ್ದಾಗ ಒಳಗಿನಿಂದ ಆ ಉದ್ದನೆಯ ಸದ್ದು ಬಂತು.

ಬಾಗಿಲಿಗೆ ಹೋದೆ. ಸೆಕ್ರೆಟರಿಯವರು ರಟ್ಟಿನ ಮರೆಯಿಂದ ಹೊರಗೆ ಬರುತ್ತಿದ್ದರು. ಅವರ ಹೆಂಡತಿ ಮಸಿಯ ಮೇಡಂ ಮುಂದೆ ಬೆರಳು ನೀಡಿ ನಿಂತಿದ್ದರು. ನನ್ನ ಕುರ್ಚಿಯಲ್ಲಿ ಸರ್. ಪೆಟ್ಟಿಗೆಯ ಕೆಂಪು ದೀಪ ಆರಿತ್ತು. ರಿಜಿಸ್ಟರು ಅವರ ಹತ್ತಿರವೇ ಇತ್ತು. ಆಕೆಯ ದೊಡ್ಡ ಅಕ್ಷರದ ಸಹಿಯ ಪಕ್ಕದ ಚೌಕದಲ್ಲಿ ಸರ್ ಆಗಲೇ ಬರೆದು ಮುಗಿಸಿದ್ದರು.

“ಬಾಗಿಲಿಗೆ ಬಂದವರನ್ನು ಏನು ಹೇಳಿ ನಿಲ್ಲಿಸಲಿ ಅಮ್ಮಾ?” ಎಂದರು ಸರ್. “ಪಟ್ಟಿಯಲ್ಲಿ ಹೆಸರು ಹುಡುಕಲು ಎಷ್ಟು ತಡ ಮಾಡಬೇಕೋ ಅಷ್ಟು ಮಾಡಿಸಿದೆ.”

ಸೆಕ್ರೆಟರಿಯವರು ಬೆರಳು ತೋರಿಸುತ್ತ ನನ್ನ ಹತ್ತಿರ ಬಂದರು. “ನೀವು ಕರೀಲಿಕ್ಕ ಬಂದ್ರಿ ಅಂತ ಬಂದ್ವಿ ಮೇಡಂ. ಇಲ್ಲಾಂದ್ರ ನಾವೆಲ್ಲಿ ಬರ್ತಿದ್ದಿವಿ!” ಆಮೇಲೆ ನನ್ನ ಬೆನ್ನ ಹಿಂದೆ ಏದುಸಿರು ಬಿಡುತ್ತ ನಿಂತಿದ್ದವಳನ್ನು ಕಂಡರು. “ಏನವ್ವ, ನೀ ಮತ್ತ ಯಾಕ ಬಂದಿ? ಒಂದ್ ಸಲ ಹಾಕಿದ್ದು ಸಾಲಲಿಲ್ಲೇನು?”

ಆಕೆ ನನ್ನ ಮುಖ ನೋಡಿದಳು. ನಾನು ಆಕೆಯ ತೋಳು ಹಿಡಿದು ಜಗಲಿಯ ಆ ತುದಿಗೆ, ನೀರಿನ ಕೊಡಪಾನಗಳಿದ್ದ ಕಡೆ ಕರೆದುಕೊಂಡು ಹೋದೆ.

“ಇನ್ನ ಆಗೂದಿಲ್ಲವ್ವ. ತಡಾ ಆತು. ನಿಂದು… ಬಿದ್ದಿಲ್ಲ.”

“ಅಂದ್ರ?”

“ನೀ ಬಂದಿ, ಸಹಿ ಮಾಡಿದಿ, ಆದ್ರ ಓಟ್ ಬಿದ್ದಿಲ್ಲ. ಇನ್ನ ಹಾಕಾಕ ಬರೂದಿಲ್ಲ. ನಂದ ತಪ್ಪು. ನಾ ನೋಡದ ಆತು ಅಂದೆ.”

ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ, ಒಳಗೆ ಹೋಗಿ ಎಲ್ಲರ ಮುಂದೆ ಕೇಳುತ್ತಾಳೆ ಎಂದುಕೊಂಡೆ. ಅದಕ್ಕೇ ಹೆಚ್ಚು ಹೆದರಿದ್ದೆ. ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

“ಪೊಲೀಸ್ರ ಕಡೆ ಏನೂ ಹೋಗೂದಿಲ್ಲಲ್ರಿ?”

“ಇಲ್ಲವ್ವ.”

“ಮಿಷನ್ ಕೆಟ್ಟಿಲ್ಲಲ್ರಿ ನನ್ನ ಕೈಯಾಗ?”

“ಇಲ್ಲ.”

“ನಮ್ಮ ಮನಿಯವನ ಕಿವಿಗಿ ಬೀಳೂದಿಲ್ಲಲ್ರಿ ಇದು?”

“ನಾ ಯಾರಿಗೂ ಹೇಳೂದಿಲ್ಲ.”

“ಹಂಗಾದ್ರ ಬಿಡ್ರಿ ಅಕ್ಕಾ,” ಎಂದಳು. ಮುಖದ ಬಿಗಿ ಸಡಿಲಾಗಿ, ಬೆವರಿನಲ್ಲಿ ಒಂದು ನಗು ಬಂತು. “ನಾ ಏನೋ ದೊಡ್ಡದ ಆತು ಅಂತ ಜೀವ ಹೋಗಿತ್ತು ನೋಡ್ರಿ. ಇಷ್ಟ ಅಲ್ಲೇನು.” ಕೊಡಪಾನದಿಂದ ಒಂದು ಲೋಟ ನೀರು ತುಂಬಿ ಮೊದಲು ನನಗೆ ಕೊಟ್ಟಳು. ನಾನು ಕುಡಿದೆ. ಆಮೇಲೆ ತಾನು ಎರಡು ಲೋಟ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನನಗೆ ಕೈ ಮುಗಿದಳು, ನಾನು ಏನೋ ಉಪಕಾರ ಮಾಡಿದವಳಂತೆ.

ಆಗ ನನ್ನೊಳಗೆ ಮೊದಲು ಬಂದದ್ದು ದುಃಖವಲ್ಲ. ಈಕೆ ಕಾಗದ ಕೊಡುವುದಿಲ್ಲ, ಮೆಮೊ ಬರುವುದಿಲ್ಲ ಎಂಬ ನಿರಾಳ. ಅದೇ ಮೊದಲು ಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಸೆಕ್ರೆಟರಿಯವರು ಸ್ಕೂಟರು ಚಾಲೂ ಮಾಡಿಕೊಂಡು ಜಗಲಿಯ ಕೆಳಗೆ ಬಂದರು. ಹೆಂಡತಿ ಹಿಂದೆ ಕೂತು, ಫೋಟೋ ತೆಗೆಯಲೆಂದು ಬೆರಳನ್ನು ಮೊಬೈಲಿನ ಮುಂದೆ ಹಿಡಿದಿದ್ದರು.

“ಲಗೂ ನಡಿಯವ್ವ, ಗೇಟ್ ತೆರದ ಬಿಟ್ಟು ಬಂದೀವಿ,” ಎಂದರು ಅವರು.

“ಬಂದೆ ಸಾಹೇಬ್ರ.”

ಸ್ಕೂಟರು ಮುಂದೆ ಹೋಯಿತು. ಆಕೆ ಕಾರ್ಡನ್ನು ಕರ್ಚೀಫಿನಲ್ಲಿ ಗಂಟು ಹಾಕುತ್ತ, ಕಾಂಪೌಂಡಿನ ಪಕ್ಕದ ಒಂದು ಗೇಣು ನೆರಳಿನಲ್ಲಿ ಅದರ ಹಿಂದೆ ನಡೆದಳು.